ಬೈಸಿಕೊಳ್ಳದೆ ಕಳೆದ ಐದು ತಿಂಗಳು

ಕೆರೆಯಲ್ಲಿ ಮೊಸಳೆ ಇರಬಹುದಿತ್ತು. ಇಲ್ಲದಿದ್ದರೂ ಇದೆ ಎಂದು ಯಾರಾದರೂ ಕೂಗಿದ್ದರೆ ಸಾಕಿತ್ತು, ನಾನು ಅಲ್ಲೇ ಮುಳುಗುತ್ತಿದ್ದೆ. ಈಜುವಾಗ ಮೀನಖಂಡ ಹಿಡಿದುಕೊಳ್ಳಬಹುದಿತ್ತು. ಕಾಲುವೆ ಏರಿಯ ಮೇಲೆ ಭತ್ತ ಕೊಯ್ಯುವ ಯಂತ್ರ ಎದುರಿಗೆ ಬಂದು, ಬಲಕ್ಕೆ ಸರಿದರೆ ನೀರು, ಎಡಕ್ಕೆ ಸರಿದರೆ ಗದ್ದೆ ಎನ್ನುವಂತಾಗಬಹುದಿತ್ತು. ಎರವಲು ತಂದ ಸೈಕಲ್ಲಿನ ಚೈನು ಕಳಚಬಹುದಿತ್ತು, ಕಳಚಿದ ಚೈನು ಹಾಕಲು ಹೋಗಿ ಬೆರಳು ಸಿಕ್ಕಿಕೊಳ್ಳಬಹುದಿತ್ತು, ಬೆರಳಿಗೆ ನಂಜಾಗಬಹುದಿತ್ತು. ಗುಡ್ಡದ ಬಂಡೆಗಳ ಸಂದಿಯಲ್ಲಿ ಕರಡಿ ಮಲಗಿರಬಹುದಿತ್ತು. ಚಿರತೆಯನ್ನು ಮರೆತಿದ್ದೆ ಎಂದುಕೊಳ್ಳಬೇಡಿ, ಅದಕ್ಕೆ ಬೇರೆಯೇ ಒಂದು ಹೊತ್ತು ಮೀಸಲಿಟ್ಟು ಹೆದರಿದ್ದೆ. ಐದು ತಿಂಗಳ ಹಿಂದೆ ಕೈಕೊಟ್ಟಿದ್ದ ಲಿವರ್ ಅರ್ಧ ದಾರಿಯಲ್ಲಿ ಮತ್ತೆ ಕೈಕೊಡಬಹುದಿತ್ತು. ಎಲ್ಲಕ್ಕಿಂತ ಮೇಲೆ, ನೀರಿನಿಂದ ಏಳುವಾಗ ಅಷ್ಟು ಜನರ ಎದುರು ಚಡ್ಡಿಯ ಲಾಡಿ ಬಿಚ್ಚಿಕೊಳ್ಳಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಆಗಲಿಲ್ಲವಲ್ಲ ಎಂಬ ಸಮಾಧಾನ ನನ್ನಂಥವನಿಗೆ ಎರಡು ನಿಮಿಷವೂ ಉಳಿಯುವುದಿಲ್ಲ. ಆಗದೇ ಇದ್ದದ್ದು ಮುಂದಿನ ಸಲಕ್ಕೆ ಬಾಕಿ ಇದೆ ಎಂದೇ ನನ್ನ ಲೆಕ್ಕ.

ನಾನು ಕಾಲುವೆ ಕಚೇರಿಯಲ್ಲಿ ವರ್ಕ್ ಇನ್‌ಸ್ಪೆಕ್ಟರ್. ಏರಿಯ ಮೇಲೆ ಓಡಾಡುತ್ತ ಎಲ್ಲಿ ಸೋರುತ್ತಿದೆ, ಎಲ್ಲಿ ಕುಸಿಯುತ್ತಿದೆ, ಎಲ್ಲಿ ಏಡಿ ಬಿಲ ತೋಡಿದೆ ಎಂದು ನೋಡುವುದು ಕೆಲಸ. ಅಂದರೆ ಚಿಂತೆ ಮಾಡುವುದಕ್ಕೆಂದೇ ಸರ್ಕಾರ ಇಟ್ಟುಕೊಂಡಿರುವ ಮನುಷ್ಯ. ಕಚೇರಿ ಮುಗಿದ ಮೇಲೆ ಮಾಡುವ ಚಿಂತೆಯನ್ನು ನಾನು ಉಚಿತವಾಗಿ ಮಾಡುತ್ತೇನೆ. ಇಂಥವನು ಕೆರೆಯಲ್ಲಿ ಈಜಿ, ಒದ್ದೆ ಚಡ್ಡಿಯಲ್ಲೇ ಸೈಕಲ್ ಹತ್ತಿ, ಕಲ್ಲುಮುಳ್ಳಿನ ದಾರಿ ತುಳಿದು, ಕೊನೆಗೆ ಗುಡ್ಡ ಓಡುವ ಸ್ಪರ್ಧೆಗೆ ಹೆಸರು ಕೊಟ್ಟದ್ದು ಹೇಗೆ? ಅದಕ್ಕೆ ಟ್ರಯಥ್ಲಾನ್ ಅನ್ನುತ್ತಾರಂತೆ. ಡಾಂಬರು ರಸ್ತೆಯ ಮೇಲೆ ಮಾಡಿದರೆ ಬರೀ ಟ್ರಯಥ್ಲಾನ್. ಆನೆಗೊಂದಿ ಕಡೆಯ ಬಂಡೆಗಳ ನಡುವೆ ಮಾಡಿದರೆ ಅದಕ್ಕೆ ಇನ್ನೂ ಉದ್ದ ಹೆಸರು. ಹೆಸರು ಕೊಡಲು ಕಾರಣ ಸಾಹಸವಲ್ಲ. ನನ್ನ ಹೆಂಡತಿ ನನ್ನನ್ನು ಬೈಯುವುದನ್ನು ನಿಲ್ಲಿಸಿದ್ದಳು.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಆಷಾಢದಲ್ಲಿ ನನಗೆ ಕಾಮಾಲೆ ಆಯಿತು. ನಮ್ಮ ಕಡೆ ಕಾಮಣಿ ಅನ್ನುತ್ತೇವೆ. ಎಲ್ಲಿಯ ನೀರು ಕುಡಿದೆನೋ, ದಿನವಿಡೀ ನೀರಿನ ಪಕ್ಕದಲ್ಲೇ ಇರುವವನಿಗೆ ನೀರೇ ಹೀಗೆ ಮಾಡಿತು. ಕಣ್ಣು, ಉಗುರು, ಅಂಗಿಯ ಕಾಲರು ಎಲ್ಲ ಹಳದಿ. ಗಂಗಾವತಿಯ ನಮ್ಮ ಓಣಿಯವರು ಸರದಿಯ ಮೇಲೆ ಬಂದು ಬಾಗಿಲಲ್ಲಿ ನಿಂತು, ತಲೆಯನ್ನು ಎಡಕ್ಕೆ ಓರೆ ಮಾಡಿ, "ಹ್ಯಾಂಗದೀರಿ?" ಎನ್ನುತ್ತಿದ್ದರು. ಆ ಓರೆ ತಲೆ ನೋಡಿದರೆ ಸಾಕು, ಜ್ವರ ಒಂದು ಡಿಗ್ರಿ ಏರುತ್ತಿತ್ತು. ಬಂದವರೆಲ್ಲ ಮೋಸಂಬಿ ತಂದರು, ಜೊತೆಗೆ ಕಾಮಣಿಯಿಂದ ತೀರಿಕೊಂಡ ತಮ್ಮ ನೆಂಟನೊಬ್ಬನ ಕಥೆಯನ್ನೂ ತಂದರು. ಎಣ್ಣೆ ಬಂದ್. ಖಾರ ಬಂದ್. ಸಪ್ಪೆ ಅನ್ನ, ಮಜ್ಜಿಗೆ, ಕಬ್ಬಿನ ಹಾಲು. ಸಂಜೆ ಓಣಿಯ ತುದಿಯಲ್ಲಿ ಮಿರ್ಚಿ ಕರಿಯುವ ವಾಸನೆ ಬಂದಾಗ ನಾನು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಆಗ ಹತ್ತಿದ ಒಂದು ಚಟ ಇನ್ನೂ ಬಿಟ್ಟಿಲ್ಲ: ಎಲ್ಲಿ ಕನ್ನಡಿ ಕಂಡರೂ ಕಣ್ಣಿನ ಕೆಳರೆಪ್ಪೆ ಎಳೆದು ಬಣ್ಣ ನೋಡಿಕೊಳ್ಳುವುದು. ನಿಲ್ಲಿಸಿದ ಸ್ಕೂಟರಿನ ಕನ್ನಡಿ, ಕಟಿಂಗ್ ಅಂಗಡಿಯ ಕನ್ನಡಿ, ಒಮ್ಮೆ ಒಡವೆ ಅಂಗಡಿಯ ಕನ್ನಡಿ. ಅಲ್ಲಿಯವರು ಓಲೆ ಬೇಕೇ ಎಂದು ಕೇಳಿದರು.

ಇರಲಿ. ರೋಗ ಬಂತು, ಹೋಯಿತು. ಹೋಗದೇ ಉಳಿದದ್ದು ನನ್ನ ಹೆಂಡತಿ ರತ್ನಾಳ ಸವಿಮಾತು.

ರತ್ನಾ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಗಂಗಾವತಿ-ಕೊಪ್ಪಳ ಮಾರ್ಗದಲ್ಲಿ ಅವಳ ದನಿ ಕೇಳದವರಿಲ್ಲ. ಮುಂದಿನ ಬಾಗಿಲಲ್ಲಿ ನಿಂತು "ಹಿಂದ ಸರೀರಿ" ಎಂದರೆ ಹಿಂದಿನ ಗಾಜು ಅದುರುತ್ತದೆ. ಆ ದನಿಯನ್ನು ಅವಳು ಡಿಪೋದಲ್ಲಿ ಇಟ್ಟು ಬರುವುದಿಲ್ಲ. ಮದುವೆಯಾದ ಇಪ್ಪತ್ತೆರಡು ವರ್ಷ ನಾನು ಒದ್ದೆ ಟವಲಿಗೆ ಬೈಸಿಕೊಂಡಿದ್ದೇನೆ, ಹಾಲು ಉಕ್ಕಿಸಿದ್ದಕ್ಕೆ ಬೈಸಿಕೊಂಡಿದ್ದೇನೆ, ಬರದ ಮಳೆಗೆ ಛತ್ರಿ ಹಿಡಿದು ಹೊರಟಿದ್ದಕ್ಕೆ ಬೈಸಿಕೊಂಡಿದ್ದೇನೆ. ಕಾಮಣಿ ಬಂದ ನಾಲ್ಕನೆಯ ದಿನದಿಂದ ಅದೆಲ್ಲ ಗಪ್ಪನೆ ನಿಂತಿತು. ಟವಲು ಹಾಸಿಗೆಯ ಮೇಲೆ ಎಸೆದರೆ ತಾನೇ ತೆಗೆದು ಹರವಿದಳು. "ಇರಲಿ ಬಿಡ್ರಿ" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳಿರದ ಮಾತು ಅದು.

ಬೇರೆಯವನಾಗಿದ್ದರೆ ಸುಖಪಡುತ್ತಿದ್ದ. ನನಗೆ ನೆನಪಾದದ್ದು ನಮ್ಮ ಅಜ್ಜ.

ಕುಷ್ಟಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಜ್ಜಿ ಅಜ್ಜನನ್ನು ಬೈಯುವ ಸದ್ದು ಬೆಳಗಿನ ಕೋಳಿಗಿಂತ ಮೊದಲು ಕೇಳುತ್ತಿತ್ತು. ನಶ್ಯ ಒರೆಸಿದ ಧೋತರ, ಕಟ್ಟದೆ ಬಿಟ್ಟ ಎಮ್ಮೆ, ತಲಬಾಗಿಲಲ್ಲಿ ಅಡ್ಡ ಬಿಟ್ಟ ಚಪ್ಪಲಿ. ನಾವು ಮೊಮ್ಮಕ್ಕಳು ಮಾಳಿಗೆಯ ಮೇಲೆ ಮಲಗಿ, ಇವತ್ತು ಯಾವುದಕ್ಕೆ ಎಂದು ಪಂಥ ಕಟ್ಟುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಅಜ್ಜ ಮಲಗಿದ. ಅಜ್ಜಿ ಅವನ ಪಕ್ಕ ಕುಳಿತು, "ಏನ್ ಬೇಕ್ರಿ? ಸೀರಾ ಮಾಡ್ಲೇನ್ರಿ?" ಎಂದು ಕೇಳತೊಡಗಿದಳು. ಅಜ್ಜ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದ: "ಯಾಕಲೇ ತಮ್ಮಾ, ನಿಮ್ಮಜ್ಜಿ ನನ್ನ ಬೈಯವಲ್ಲಳು? ವೈದ್ಯ ಏನರ ಹೇಳ್ಯಾನೇನು?" ಹತ್ತನೆಯ ದಿನಕ್ಕೆ ಅಜ್ಜ ಇರಲಿಲ್ಲ.

ಈಗ ಹೇಳಿ, ನಾನು ಹೇಗೆ ಸುಖಪಡಲಿ?

ರತ್ನಾ ಔಷಧಿ ಚೀಟಿ ತರಲು ಹೋದ ದಿನ ಡಾಕ್ಟರು ಅವಳೊಬ್ಬಳಿಗೇ ಏನೋ ಹೇಳಿದ್ದಾರೆ ಎಂಬುದು ನನಗೆ ಖಾತ್ರಿಯಾಯಿತು. ನಾನೇ ಹೋಗಿ ಕೇಳಿದೆ. ಡಾಕ್ಟರು ರಿಪೋರ್ಟು ತಿರುವಿ, "ಎಲ್ಲಾ ನಾರ್ಮಲ್ ಐತ್ರಿ. ಅಡ್ಡಾಡ್ರಿ, ಈಜ್ರಿ, ಸೈಕಲ್ ಹೊಡೀರಿ. ದಣುವಾತು ಅಂದ್ರ ನಿಂದರ್ರಿ" ಎಂದರು.

"ನಿಜ ಹೇಳ್ರಿ ಡಾಕ್ಟರ್. ನಾ ತಡ್ಕೋತೀನಿ."

"ಏನ್ ತಡ್ಕೋತೀರಿ? ಹೊರಗ ಇಪ್ಪತ್ತು ಮಂದಿ ಕುಂತಾರ, ಅವ್ರು ತಡ್ಕೊಳ್ಳಂಗಿಲ್ಲ, ಏಳ್ರಿ."

ನಗುತ್ತಲೇ ಹೇಳಿದರು. ಆ ನಗುವೂ ನನಗೆ ಸಂಶಯಕ್ಕೇ ಒದಗಿತು.

ಅಷ್ಟರಲ್ಲಿ ಕಚೇರಿಗೆ ಹೊರ ಊರಿನ ಯಾವುದೋ ಸಾಹಸ ಕೂಟದವರ ಅರ್ಜಿ ಬಂತು. ಡಿಸೆಂಬರಿನ ಒಂದು ಭಾನುವಾರ ಸ್ಪರ್ಧೆ ಇದೆ, ಕಾಲುವೆ ಏರಿಯ ದಾರಿ ಬಳಸಲು ಒಪ್ಪಿಗೆ ಬೇಕು ಎಂದು. ಗ್ಯಾಂಗ್‌ಮನ್ ಹುಸೇನಸಾಬ ನನ್ನ ಹೆಗಲ ಮೇಲಿಂದ ಅದನ್ನು ಓದಿದ. ಏರಿಯ ಮೇಲೆ ನನಗಿಂತ ಹತ್ತು ವರ್ಷ ಹೆಚ್ಚು ನಡೆದವನು ಅವನು.

"ನಲ್ವತ್ತೈದು ದಾಟಿದವ್ರಿಗೂ ಐತಂತ್ರಿ ಸಾಹೇಬ್ರ. ನೀವೂ ಕೊಡ್ರಿ ಹೆಸರು. ಕಾಮಣಿ ಬಂದವ್ರು ಹಳದಿ ಅಂಗಿ ಹೊಲಿಸೂದು ಬ್ಯಾಡ, ಹಂಗ ಚಂದ ಕಾಣ್ತೀರಿ."

ಅವನದು ಚೇಷ್ಟೆ. ನನಗೆ ಅದರಲ್ಲಿ ಒಂದು ಉಪಾಯ ಹೊಳೆಯಿತು. ಇದನ್ನು ಮನೆಯಲ್ಲಿ ಹೇಳುವುದು. ನಾನು ನೆಟ್ಟಗಿದ್ದರೆ ರತ್ನಾ ಇಡೀ ಓಣಿ ಕೇಳುವಂತೆ ಬೈಯಲೇಬೇಕು. ಬೈಯದಿದ್ದರೆ ನನ್ನ ಕಥೆ ಮುಗಿದಿದೆ. ರಕ್ತಪರೀಕ್ಷೆಗಿಂತ ನಂಬಿಗಸ್ತ ಪರೀಕ್ಷೆ.

ಊಟಕ್ಕೆ ಕುಳಿತಾಗ ಹೇಳಿದೆ. ಕೆರೆ, ಸೈಕಲ್ಲು, ಗುಡ್ಡ ಎಲ್ಲವನ್ನೂ ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳಿದೆ. ರತ್ನಾಳ ಕೈಯಲ್ಲಿದ್ದ ಸೌಟು ಗಾಳಿಯಲ್ಲಿ ನಿಂತಿತು. ಬಾಯಿ ತೆರೆದಳು. ನಾನು ಉಸಿರು ಹಿಡಿದೆ. ಬಾಯಿ ಮುಚ್ಚಿದಳು. "ಹೋಗ್ರಿ. ಮನಸ್ಸಿಗೆ ಏನ್ ಖುಷಿ ಅನ್ನಸ್ತೈತಿ ಅದನ್ನ ಮಾಡ್ರಿ" ಎಂದಳು.

ಖುಷಿ ಅನಿಸಿದ್ದು ಮಾಡಿರಿ! ನನ್ನ ಕೈಯ ತುತ್ತು ತಾಟಿಗೆ ವಾಪಸ್ಸು ಬಿತ್ತು.

ಇನ್ನು ಹಿಂದೆ ಸರಿಯುವಂತಿರಲಿಲ್ಲ. ದಿನಾ ಬೆಳಿಗ್ಗೆ ಹುಸೇನಸಾಬನ ಅಳಿಯನ ಸೈಕಲ್ ತುಳಿದೆ. ವಾರಕ್ಕೆ ಮೂರು ದಿನ ಈಜಿದೆ. ನನಗೆ ಬರುವುದು ಬಾವಿಯ ಈಜು. ಸೋದರಮಾವ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ, ಒಂದು ಮಾತೂ ಹೇಳದೆ ಮೇಲಿನಿಂದ ನೂಕಿ ಕಲಿಸಿದ್ದು. ಬಾವಿಯ ಈಜಿಗೆ ಗುಂಡಗೆ ಸುತ್ತುವುದು ಗೊತ್ತು, ನೇರ ಹೋಗುವುದು ಗೊತ್ತಿಲ್ಲ. ಹತ್ತು ಮಾರು ಈಜಿದರೆ ಹೊರಟಲ್ಲಿಗೇ ಬಂದಿರುತ್ತಿದ್ದೆ.

ಸ್ಪರ್ಧೆಯ ದಿನ ರತ್ನಾ ರಜೆ ಹಾಕಿ ಜೊತೆಗೆ ಬಂದಳು. ಇದೂ ಕೆಟ್ಟ ಲಕ್ಷಣವೇ. ಅವಳು ನನಗಾಗಿ ರಜೆ ಹಾಕಿದ್ದು ಮದುವೆಗೆ ಬಿಟ್ಟರೆ ಇದೇ. ಬಂಡೆಗಳ ನಡುವೆ ಕೆರೆ ಆವಿಯಾಡುತ್ತಿತ್ತು. ಸುತ್ತಲೂ ಮೈಗಂಟಿದ ಕಪ್ಪು ಬಟ್ಟೆಯ ಹುಡುಗ ಹುಡುಗಿಯರು ಕೈಕಾಲು ಜಾಡಿಸುತ್ತಿದ್ದರು. ನಾನು ಲಾಡಿಗೆ ಮೂರನೆಯ ಗಂಟು ಹಾಕುತ್ತಿದ್ದೆ.

ಸೀಟಿ ಊದಿದರು. ಎಲ್ಲರೂ ಮೀನಿನಂತೆ ಹೋದರು. ಹುಸೇನಸಾಬ ಅವತ್ತು ರಕ್ಷಣೆಯ ಹರಿಗೋಲಿನಲ್ಲಿದ್ದ, ಮತ್ತು ಅಷ್ಟು ಜನರಲ್ಲಿ ರಕ್ಷಿಸಬೇಕಾದವನು ನಾನೊಬ್ಬನೇ ಎಂದು ತೀರ್ಮಾನಿಸಿದಂತೆ ನನ್ನ ಪಕ್ಕದಲ್ಲೇ ಹುಟ್ಟು ಹಾಕುತ್ತ ಬಂದ.

"ಬಲಕ್ಕ, ಸಾಹೇಬ್ರ, ಬಲಕ್ಕ! ಮತ್ತ ಸುತ್ತಾಕ ಹತ್ತೀರಿ. ಇದು ನಿಮ್ಮ ಮಾವನ ಬಾವಿ ಅಲ್ರಿ."

"ಮಾತಾಡಸಬ್ಯಾಡೋ, ನೀರು ಬಾಯಾಗ ಹೋಗ್ತಾವ."

"ಏರ್‍ರಿ ಒಳಗ. ಆ ಬಂಡೆ ಮರೆಗೆ ಇಳಿಸ್ತೀನಿ. ಯಾರೂ ನೋಡಂಗಿಲ್ಲ."

ಏರಲಿಲ್ಲ. ಏರಿದರೆ ದಡದಲ್ಲಿ ನಿಂತ ರತ್ನಾ "ಛಲೋ ಆತು ಬಿಡ್ರಿ" ಎನ್ನುತ್ತಾಳೆ ಎಂಬ ಭಯವೇ ನನ್ನನ್ನು ಆಚೆ ದಡಕ್ಕೆ ನೂಕಿತು. ಎದ್ದಾಗ ನನ್ನ ಹಿಂದೆ ಇನ್ನೂ ಇಬ್ಬರಿದ್ದರು. ಗಂಟು ಮೂರೂ ಗಟ್ಟಿಯಿದ್ದವು.

ಸೈಕಲ್ಲಿನ ದಾರಿ ನನ್ನದೇ ದಾರಿ. ಮೊದಲು ಬಂಡೆಗಳ ನಡುವಿನ ಕಾಲ್ದಾರಿ, ಆಮೇಲೆ ಕಾಲುವೆ ಏರಿ. ರತ್ನಾ ಹ್ಯಾಂಡಲ್ಲಿಗೆ ಒಂದು ಕೈಚೀಲ ಕಟ್ಟಿದ್ದಳು. ಅದರಲ್ಲಿ ಸ್ಟೀಲ್ ಡಬ್ಬಿಯ ತುಂಬ ಒಗ್ಗರಣೆ ಇಲ್ಲದ ಒಣ ಮಂಡಕ್ಕಿ. ಒಂದು ಮೈಲಿಗೊಮ್ಮೆ ಕೈ ಹಾಕಿ ಒಂದು ಮುಕ್ಕು ಬಾಯಿಗೆ ಎಸೆದುಕೊಳ್ಳುತ್ತ ಹೋದೆ. ಒಬ್ಬನನ್ನು ಹಿಂದೆ ಹಾಕಿದೆ. ನಂಬಿ, ಹಾಕಿದೆ. ಅವನ ಟೈರು ಪಂಕ್ಚರ್ ಆಗಿತ್ತು, ಆದರೂ ಹಾಕಿದ್ದು ಹಾಕಿದ್ದೇ. ಎದೆ ಸಲೀಸಾಗಿ ಏರಿಳಿಯುತ್ತಿತ್ತು. ಬಲಕ್ಕೆ ತುಂಬಿದ ಕಾಲುವೆ, ಎಡಕ್ಕೆ ಕೊಯ್ಲಿಗೆ ಬಂದ ಭತ್ತ. ಸಾಯುವವನಿಗೆ ಇಷ್ಟು ಹಸಿವಾಗುತ್ತದೆಯೇ ಎಂದು ಮೊದಲ ಸಲ ಅನುಮಾನ ಬಂತು.

ಆಗ ಏರಿಯ ಹೊರಮೈಯಲ್ಲಿ ಒದ್ದೆ ಕಂಡಿತು.

ಕಾಲುವೆ ಏರಿ ಬೆವರುವುದು ಹೊಸದಲ್ಲ. ಸೋರುವ ನೀರು ತಿಳಿಯಾಗಿದ್ದರೆ ಬರೆದುಕೊಂಡು ಮುಂದೆ ಹೋಗುತ್ತೇವೆ. ಕೆಂಪಗಿದ್ದರೆ ಒಳಗಿನ ಮಣ್ಣು ಕರಗಿ ಬರುತ್ತಿದೆ ಎಂದು ಅರ್ಥ. ಇದು ಕೆಂಪಗಿತ್ತು. ಏಡಿ ಬಿಲ. ಹೆಬ್ಬೆರಳಿನಷ್ಟು ಧಾರೆ. ಮಧ್ಯಾಹ್ನಕ್ಕೆ ಅದು ತೋಳಿನಷ್ಟು ಆಗುತ್ತದೆ, ಸಂಜೆಗೆ ಕೆಳಗಿನ ಭತ್ತವೆಲ್ಲ ನೀರಿನಲ್ಲಿ. ಫೋನು ದಡದಲ್ಲಿ ರತ್ನಾಳ ಹತ್ತಿರ. ಕಾಲು ಪೆಡಲಿನ ಮೇಲೆ, ಕಣ್ಣು ಬಿಲದ ಮೇಲೆ. ಹಿಂದೆ ಹಾಕಿದ್ದ ಆ ಪಂಕ್ಚರ್ ಹುಡುಗ ರಿಪೇರಿ ಮಾಡಿಕೊಂಡು ಬಂದು ನನ್ನನ್ನು ದಾಟಿದ.

"ಆರ್ ಯೂ ಓಕೆ, ಅಂಕಲ್?"

"ನಾ ಓಕೆ ಅದೀನಿ, ಕಾಲುವಿ ಓಕೆ ಇಲ್ಲ. ಹರಿಗೋಲಿನ್ಯಾಗಿದ್ದ ಹುಸೇನಸಾಬ ಈಗ ಮುಂದ ನೀರು ಕೊಡೂ ಜಾಗಕ್ಕ ಬಂದಿರ್ತಾನ, ಏಡಿ ಬಿಲ ಐತಿ, ಮರಳಿನ ಚೀಲ ತಗೊಂಡ್ ಬಾ ಅಂತ ಹೇಳು."

ಹುಡುಗ ಹೋದ. ನಾನು ಇಳಿದೆ. ಹೊರಗಿನಿಂದ ಮುಚ್ಚಿ ಪ್ರಯೋಜನವಿಲ್ಲ, ನೀರಿನ ಕಡೆ ಬಿಲದ ಬಾಯಿ ಸಿಗಬೇಕು. ಅದಕ್ಕೆ ನಮ್ಮವರ ಹಳೆಯ ಉಪಾಯವೊಂದಿದೆ: ನೀರಿನ ಮೇಲೆ ಹೊಟ್ಟು ಚೆಲ್ಲಿದರೆ, ಬಿಲ ನೀರೆಳೆಯುವ ಕಡೆ ಅದು ಸುಳಿದುಕೊಳ್ಳುತ್ತದೆ. ಹೊಟ್ಟು ಎಲ್ಲಿ ತರಲಿ? ಮಂಡಕ್ಕಿ ಇತ್ತು. ಒಂದು ಹಿಡಿ ಚೆಲ್ಲಿದೆ, ತೇಲಿ ಹೋಯಿತು. ಎರಡು ಹೆಜ್ಜೆ ಮೇಲೆ ಸರಿದು ಇನ್ನೊಂದು ಹಿಡಿ, ಮತ್ತೊಂದು ಹಿಡಿ. ಕಡೆಯ ಹಿಡಿಯಲ್ಲಿ ನಾಲ್ಕಾರು ಕಾಳು ದಡದ ಹತ್ತಿರ ನಿಂತು, ಯೋಚಿಸಿ, ಗಿರ್ರನೆ ತಿರುಗಿ ಒಳಗೆ ಹೋದವು. ಮೊಣಕಾಲು ಮಟ್ಟ ನೀರಿಗಿಳಿದು ಕೈಯಾಡಿಸಿದೆ. ಸಿಕ್ಕಿತು. ಡಬ್ಬಿಯ ಮುಚ್ಚಳವನ್ನೇ ಬಾಯಿಗೆ ಅದುಮಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಮೇಲೆ ಹುಲ್ಲು, ಹಸಿಮಣ್ಣು ಮೆತ್ತಿ ತುಳಿದೆ. ಹೊರಗಿನ ಧಾರೆ ಸಣ್ಣಗಾಯಿತು, ಹನಿಯಾಯಿತು.

ಹುಸೇನಸಾಬ ಇನ್ನಿಬ್ಬರೊಂದಿಗೆ ಬೈಕಿನಲ್ಲಿ ಚೀಲ ಹೇರಿಕೊಂಡು ಬಂದಾಗ ನಾನು ಕೆಸರಿನ ಗೊಂಬೆ.

"ಏನ್ ಸಾಹೇಬ್ರ, ಕಾಲುವಿ ಮೀನಿಗೆಲ್ಲ ಮಂಡಕ್ಕಿ ನಾಷ್ಟಾ ಮಾಡ್ಸೀರಿ? ಮಿರ್ಚಿ ಎಲ್ಲಿ?"

"ಚೀಲ ಹಾಕೋ ಮೊದಲ!"

"ಹಾಕ್ತೀವಿ. ನೀವು ಹೋಗ್ರಿ, ಹೊತ್ತು ಮೀರತೈತಿ. ಮನಿಯವ್ರು ದಾರಿ ನೋಡಾಕತ್ತಾರ. ಹೋಗ್ರೀ!"

ಹೋದೆ. ಸೈಕಲ್ ಇಟ್ಟು ಗುಡ್ಡ ಹತ್ತಿದೆ. ಓಡಿದೆ ಎಂದರೆ ಬಂಡೆಗಳೇ ನಕ್ಕಾವು. ಕೈ ಊರಿ ಹತ್ತಿದೆ, ಕುಳಿತು ಜಾರಿದೆ, ಸಪಾಟು ಸಿಕ್ಕಲ್ಲಿ ಬಸ್ಸು ತಪ್ಪಿಸಿಕೊಂಡವನಂತೆ ದುಡುದುಡು ಹೆಜ್ಜೆ ಹಾಕಿದೆ. ಮೂರು ಕಡೆ ದಣಿವಾಯಿತು, ಮೂರೂ ಕಡೆ ನಿಂತೆ. ನಿಂತಾಗಲೆಲ್ಲ ಒಂದೇ ಯೋಚನೆ. ಮೈ ಇಷ್ಟು ಕೆಲಸ ಮಾಡುತ್ತಿದೆ, ಮತ್ತೆ ರತ್ನಾಳಿಗೆ ಗೊತ್ತಿರುವುದಾದರೂ ಏನು? ಸೈಕಲ್ ಇಟ್ಟಲ್ಲಿಗೇ ಇಳಿದು ಬಂದು ಕೊನೆಯ ಗೆರೆ ದಾಟಿದಾಗ ಸಮಯ ಮುಗಿಯಲು ಆರು ನಿಮಿಷ ಬಾಕಿ ಇತ್ತು. ಎಲ್ಲರಿಗಿಂತ ಕೊನೆಯವನು. ಆದರೂ ಚಪ್ಪಾಳೆ ಹೊಡೆದರು, ಕೊರಳಿಗೆ ಬಿಲ್ಲೆ ಹಾಕಿದರು.

ರತ್ನಾ ಓಡಿ ಬಂದಳು. ತಲೆಯಿಂದ ಪಾದದವರೆಗಿನ ಕೆಸರು ನೋಡಿದಳು. "ಬಂದ್ರೇನು? ಕೂಡ್ರಿ. ನೀರು ಕುಡೀರಿ," ಎಂದಳು, ಸಕ್ಕರೆಯಂಥ ದನಿಯಲ್ಲಿ.

ನಾನು ಬಂಡೆಗೆ ಒರಗಿ ಕುಳಿತೆ. ಇಷ್ಟು ಕೆಸರಿಗೂ ಬೈಗುಳವಿಲ್ಲ. ಮುಗಿಯಿತು. ಅಜ್ಜನಿಗೆ ಹತ್ತು ದಿನ ಸಿಕ್ಕಿತ್ತು, ನನಗೆಷ್ಟೋ. ಹುಸೇನಸಾಬನೂ ಕೆಲಸ ಮುಗಿಸಿ ಬಂದು ಪಕ್ಕದಲ್ಲಿ ಕುಳಿತ. ಬಿಲ ಭದ್ರವಾಯಿತೆಂದ. ರತ್ನಾ ಸೈಕಲ್ಲಿನ ಚೀಲ ಬಿಚ್ಚಲು ಹೋದಳು. ಡಬ್ಬಿ ತೆಗೆದಳು. ತಿರುವಿ ನೋಡಿದಳು. ಚೀಲ ಕೊಡವಿದಳು.

"ಮುಚ್ಚಳ ಎಲ್ಲಿ?"

"ಕಾಲುವ್ಯಾಗ ಐತಿ."

"ಬಿತ್ತೇನು?"

"ಇಲ್ಲ. ನಾನ ಇಟ್ಟೀನಿ."

"ಇಟ್ಟೀರಿ? ಹೋಗಿ ತಗೊಂಡ್ ಬರ್ರಿ."

"ತಗದ್ರ ಕಾಲುವಿ ಒಡೀತೈತಿ."

ರತ್ನಾ ಡಬ್ಬಿಯನ್ನು ಮೇಲಕ್ಕೆತ್ತಿ ಹಿಡಿದಳು.

"ನಮ್ಮವ್ವ ಯಲಬುರ್ಗಿ ಪ್ಯಾಟ್ಯಾಗ ನಿಂತು ಹೆಸರು ಕೊರಿಸಿ ಕೊಟ್ಟ ಸೆಟ್ಟಿನ ಡಬ್ಬೀರಿ ಅದು! ಊರಾಗ ಕಲ್ಲಿಲ್ಲೇನು? ಮಣ್ಣಿಲ್ಲೇನು? ಲೋಕದ ಏಡಿ ಬಿಲಕ್ಕೆಲ್ಲ ನನ್ನ ತವರುಮನಿ ಮುಚ್ಚಳಾನ ಬೇಕಾಗಿತ್ತೇನು? ಮಂದಿ ಈಜಾಕ ಬರ್ತಾರ, ಓಡಾಕ ಬರ್ತಾರ, ನೀವು ಇಲ್ಲೂ ಡ್ಯೂಟಿ ಮಾಡಾಕ ಬಂದೀರಿ! ಆ ಅಂಗಿ ನೋಡ್ರಿ, ಅದನ್ನ ಒಗಿಯೋರ್ಯಾರು? ನಿಮ್ಮ ಹುಸೇನಸಾಬ ಒಗೀತಾನೇನು?"

ಹುಸೇನಸಾಬ ಎದ್ದು ನಾಲ್ಕು ಹೆಜ್ಜೆ ದೂರ ಕುಳಿತ. ಬಿಲ್ಲೆ ಹಾಕಿದ ಹುಡುಗಿ ಬಾಯಿ ತೆರೆದು ನಿಂತಳು. ಆ ದನಿ ಬಂಡೆಯಿಂದ ಬಂಡೆಗೆ ಹಾರಿ ಹನುಮನಹಳ್ಳಿ ಮುಟ್ಟಿರಬೇಕು. ನನ್ನ ಕಣ್ಣು ತುಂಬಿ ಬಂದವು. ಅವು ಬೆಳ್ಳಗಿದ್ದವೋ ಹಳದಿಯಿದ್ದವೋ, ಮೊದಲ ಸಲ ಆ ಯೋಚನೆ ಬರಲಿಲ್ಲ.

ಇದ್ದಕ್ಕಿದ್ದಂತೆ ರತ್ನಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಯ್ಯ ನಮ್ಮವ್ವಾ! ಮುರೀತಲ್ಲ!"

"ಏನು ಮುರೀತು?"

"ಹರಕಿ ರೀ. ನಿಮ್ಗ ಕಾಮಣಿ ಆದಾಗ ಹುಲಿಗೆಮ್ಮಗ ಬೇಡ್ಕೊಂಡಿದ್ದೆ. ಇವ್ರು ನೆಟ್ಟಗಾಗಲಿ, ಐದು ಹುಣ್ಣಿವಿ ತನಕ ಇವ್ರಿಗೆ ಒಂದು ಬಿರುಸು ಮಾತು ಆಡಂಗಿಲ್ಲ ಅಂತ. ನಾಕು ಹುಣ್ಣಿವಿ ಹೊಟ್ಟಿ ಉರಿಸ್ಕೊಂಡು ತಡದೆ. ಇನ್ನ ನಾಕ ದಿನ ಇತ್ತು, ಬರೇ ನಾಕ ದಿನ! ಒಂದು ಮುಚ್ಚಳದ ಸಲುವಾಗಿ ಹಾಳಾತು."

ಅಮ್ಮನ ಗುಡಿಯಿರುವ ಹುಲಿಗಿಯ ದಿಕ್ಕು ಯಾವುದೆಂದು ಅಂದಾಜು ಮಾಡಿ, ಆ ಕಡೆ ತಿರುಗಿ ಎರಡೂ ಗಲ್ಲ ಬಡಿದುಕೊಂಡಳು. "ತಪ್ಪಾತವ್ವಾ, ಹುಣ್ಣಿವಿ ದಿನ ಬಂದು ಉಡಿ ತುಂಬತೀನಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೆಂಗೂ ಮುರೀತಲ್ಲ, ಈಗ ಕೇಳ್ರಿ. ಶ್ರಾವಣದಾಗ ಆ ಒದ್ದಿ ಟವಲ್ಲು..."

ಗಂಗಾವತಿಯ ಬಸ್ಸು ಹತ್ತಿದಾಗ ಬೈಗುಳ ಭಾದ್ರಪದಕ್ಕೆ ಬಂದಿತ್ತು. ನಡುದಾರಿಯಲ್ಲಿ ದಸರಾ ದಾಟಿತು. ಆ ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುವುದನ್ನು ನಿಲ್ಲಿಸಿ ಕೇಳುತ್ತ ನಿಂತಿದ್ದ. ಊರು ಹತ್ತಿರವಾದಾಗ ರತ್ನಾ ಮಡಿಲಲ್ಲಿದ್ದ ಬೋಳು ಡಬ್ಬಿಯನ್ನು ನನ್ನ ಮುಖಕ್ಕೆ ಹಿಡಿದು, "ಮುಚ್ಚಳ ಇಲ್ಲದ್ದು ಇಟ್ಕೊಂಡು ನಾ ಏನ್ ಮಾಡ್ಲಿ ಹೇಳ್ರಿ?" ಎಂದಳು.

ಉತ್ತರ ಗೊತ್ತಿತ್ತು, ಅದಕ್ಕೊಂದು ಹೊಸ ಮುಚ್ಚಳ ಮಾಡಿಸಿದರಾಯಿತು. ಹೇಳಿದರೆ ಬೈಯುವುದನ್ನು ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಸುಮ್ಮನೆ ಕುಳಿತೆ.